ಕೈಗೆ ಕೆಲಸ ಇಲ್ಲದಿದ್ದಾಗ

1993ರಲ್ಲಿ ವಿಡಿಯೋ ಗೇಮಿನ ಮಾರಿಯೋ ಮೊದಲ ಸಲ ಹಾಲಿವುಡ್ ತೆರೆಗೆ ಬಂದ. ಬಾಬ್ ಹಾಸ್ಕಿನ್ಸ್ ಅಂಥ ಒಳ್ಳೆಯ ನಟ ಕೊಳಾಯಿ ರಿಪೇರಿಯವನ ಪಾತ್ರ ಮಾಡಿದ್ದರು. ಗೇಮಿನಲ್ಲಿ ನೀಲಿ ಆಕಾಶ, ಹಸಿರು ಪೈಪು, ಹಾರಿ ಹಾರಿ ಸಿಗುವ ನಾಣ್ಯಗಳು. ಸಿನಿಮಾದಲ್ಲಿ ಬರೀ ಕತ್ತಲು, ಗೋಡೆ ಗೋಡೆಗೂ ಬೂಸ್ಟು ಹಬ್ಬಿದ ಒಂದು ಕೊಳಕು ನಗರ, ಡೈನೊಸಾರ್ ವಂಶದಿಂದ ಬಂದ ಮನುಷ್ಯರು. ಸಿನಿಮಾ ನೆಲಕಚ್ಚಿತು. ತಾನು ಮಾಡಿದ ಕೆಲಸಗಳಲ್ಲೇ ಅತಿ ಕೆಟ್ಟದ್ದು ಅದು ಎಂದು ಹಾಸ್ಕಿನ್ಸ್ ವರ್ಷಗಳ ನಂತರ ಒಂದು ಸಂದರ್ಶನದಲ್ಲಿ ಹೇಳಿದರು. ಮೂವತ್ತು ವರ್ಷ ಕಳೆದು, 2023ರಲ್ಲಿ, ಅದೇ ಮಾರಿಯೋ ಆನಿಮೇಷನ್ ಆಗಿ ಬಂದು ಜಗತ್ತಿನಾದ್ಯಂತ 136 ಕೋಟಿ ಡಾಲರ್ ಗಳಿಸಿದ.

ಇದಕ್ಕೆ ಎಲ್ಲರೂ ಕೊಡುವ ವಿವರಣೆ ಒಂದೇ. ಮೊದಲಿನವರು ಗೇಮಿಗೆ ಮರ್ಯಾದೆ ಕೊಡಲಿಲ್ಲ, ಈಗಿನವರು ಕೊಟ್ಟರು. ಮುಂಚೆ ಸಿನಿಮಾ ಮಾಡುತ್ತಿದ್ದವರು ಗೇಮ್ ಮುಟ್ಟಿದವರೇ ಅಲ್ಲ, ಈಗ ಮಾಡುತ್ತಿರುವವರು ಆಡುತ್ತಲೇ ಬೆಳೆದವರು. ಅದಕ್ಕೇ ಗೇಮ್‌ನಿಂದ ಮಾಡಿದ ಸಿನಿಮಾಗಳು ಈಗ ಚೆನ್ನಾಗಿ ಬರುತ್ತಿವೆ. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ಫ್ಯಾನ್‌ಗಳಿಗಂತೂ ಈ ಮಾತು ಬಹಳ ಇಷ್ಟ. ಯಾಕೆಂದರೆ ಅದು "ನಮ್ಮ ಮಾತು ಕೇಳಿದ್ದರೆ ಗೆಲ್ಲುತ್ತಿದ್ದಿರಿ" ಎಂದು ಹೇಳುತ್ತದೆ.

ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ.

ವಾರ್‌ಕ್ರಾಫ್ಟ್ ತಗೊಳ್ಳಿ. 2016ರ ಸಿನಿಮಾ. ನಿರ್ದೇಶಕ ಡಂಕನ್ ಜೋನ್ಸ್ ಸ್ವತಃ ಆ ಗೇಮ್ ಆಡುತ್ತಿದ್ದವರು. ಓರ್ಕ್ ಎಂಬ ದೈತ್ಯರ ದಂತ, ಕವಚ, ಕೊಡಲಿ, ಕೋಟೆಯ ಗೋಪುರ ಎಲ್ಲವೂ ಗೇಮಿನಲ್ಲಿ ಇದ್ದ ಹಾಗೇ. ಪ್ರೀತಿಯಿಂದ ಮಾಡಿದ್ದಾರೆ ಎನ್ನುವುದು ಪ್ರತಿ ಫ್ರೇಮಿನಲ್ಲೂ ಕಾಣುತ್ತದೆ. ಆದರೆ ಆ ಗೇಮ್ ಆಡದವರು ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಕಳೆದುಹೋದರು. ಯಾರು ಯಾವ ಕುಲ, ಯಾರಿಗೆ ಯಾರ ಮೇಲೆ ಸಿಟ್ಟು, ಆ ಹಸಿರು ಮಾಯೆ ಎಲ್ಲಿಂದ ಬಂತು, ಒಂದೂ ತಲೆಗೆ ಹೋಗಲಿಲ್ಲ. ಚೀನಾದಲ್ಲಿ ಆ ಗೇಮಿಗೆ ದೊಡ್ಡ ಬಳಗವಿತ್ತು. ಸಿನಿಮಾದ ಒಟ್ಟು ಗಳಿಕೆಯ ಅರ್ಧದಷ್ಟು ಅಲ್ಲಿಂದಲೇ ಬಂತು. ಅಮೆರಿಕದಲ್ಲಿ 5 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ. ಎರಡನೇ ಭಾಗ ಬರಲೇ ಇಲ್ಲ.

ಅದೇ ವರ್ಷ ಅಸ್ಯಾಸಿನ್ಸ್ ಕ್ರೀಡ್ ಬಂತು. ಆ ಗೇಮಿನಲ್ಲಿ ಎರಡು ಕಾಲಗಳಿವೆ. ಇಂದಿನ ಕಾಲದಲ್ಲಿ ಒಬ್ಬನನ್ನು ಯಂತ್ರಕ್ಕೆ ಕಟ್ಟಿ ಅವನ ಪೂರ್ವಜರ ನೆನಪುಗಳನ್ನು ಕೆದಕುತ್ತಾರೆ. ನೆನಪಿನೊಳಗೆ ಹೋದರೆ ಹಳೆಯ ಜೆರುಸಲೇಮ್, ಹಳೆಯ ಡಮಾಸ್ಕಸ್. ಆಡುವವರೆಲ್ಲ ಇಂದಿನ ಕಾಲದ ಭಾಗವನ್ನು ಹೇಗೋ ಸಹಿಸಿಕೊಂಡು, ಹಳೆಯ ಊರಿನ ಚಾವಣಿಗಳ ಮೇಲೆ ಓಡೋಕೆ, ಗೋಪುರ ಹತ್ತಿ ಕೆಳಗೆ ಹುಲ್ಲಿನ ಗಾಡಿಗೆ ಜಿಗಿಯೋಕೆ ಕಾಯುತ್ತಿರುತ್ತಾರೆ. ಸಿನಿಮಾದವರು ಹೆಚ್ಚಿನ ಸಮಯವನ್ನು ಇಂದಿನ ಕಾಲದ ಒಂದು ಬೂದು ಬಣ್ಣದ ಕಟ್ಟಡದೊಳಗೇ ಕಳೆದರು. ಮೈಕಲ್ ಫಾಸ್‌ಬೆಂಡರ್ ಅಂಥ ನಟ ಇದ್ದೂ ಅದಕ್ಕೆ ಜೀವ ಬರಲಿಲ್ಲ. ಗೇಮಿನ ಪುರಾಣವನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡರು, ಗೇಮಿನ ಖುಷಿಯನ್ನು ಬಿಟ್ಟರು.

ಇನ್ನೊಂದು ಕಡೆ ನೋಡಿದರೆ, 2002ರಲ್ಲಿ ಶುರುವಾದ ರೆಸಿಡೆಂಟ್ ಈವಿಲ್ ಸಿನಿಮಾಗಳ ನಾಯಕಿ ಆಲಿಸ್ ಗೇಮಿನಲ್ಲಿ ಇಲ್ಲವೇ ಇಲ್ಲ. ಕಥೆಯೂ ಬೇರೆ ದಾರಿ ಹಿಡಿಯಿತು. ಫ್ಯಾನ್‌ಗಳು ಬೈದುಕೊಂಡೇ ನೋಡಿದರು. ಮಿಲಾ ಯೊವೊವಿಚ್ ಆರು ಸಿನಿಮಾ ಮಾಡಿದರು, ಒಟ್ಟು 120 ಕೋಟಿ ಡಾಲರ್ ದಾಟಿತು. ನನಗೆ ಆ ಸಿನಿಮಾಗಳು ಅಷ್ಟೇನೂ ಇಷ್ಟವಲ್ಲ, ಮೊದಲನೆಯದನ್ನು ಬಿಟ್ಟರೆ. ಆದರೂ ಮೂಲಕ್ಕೆ ನಿಷ್ಠೆಯೇ ಗೆಲುವಿನ ಗುಟ್ಟು ಎನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ಅನಿಸುವುದು ಇಷ್ಟು. ಗೇಮ್ ಆಡುವವರ ಕೈಗೆ ಕೆಲಸ ಇರುತ್ತದೆ. ಸಿನಿಮಾ ನೋಡುವವರ ಕೈಗೆ ಇರುವುದಿಲ್ಲ. ಕೇಳಿದರೆ ಇದೇನು ದೊಡ್ಡ ವಿಷಯ ಅನಿಸಬಹುದು. ಆದರೆ ಗೇಮಿನ ಕಥೆ, ಪಾತ್ರ, ವೇಷ, ಸಂಗೀತ ಎಲ್ಲವೂ ಆ ಕೈಯ ಸುತ್ತ ಕಟ್ಟಿದ್ದು. ಕೈಯನ್ನು ತೆಗೆದು ಉಳಿದದ್ದನ್ನು ಮಾತ್ರ ತೆರೆಗೆ ತಂದರೆ ನಡುವೆ ಒಂದು ತೂತು ಉಳಿಯುತ್ತದೆ. ಆ ಜಾಗದಲ್ಲಿ ಏನಿಡಬೇಕು ಎಂದು ಯೋಚಿಸಿದವರ ಸಿನಿಮಾ ನಿಲ್ಲುತ್ತದೆ. ತೂತು ಇರುವುದೇ ಗೊತ್ತಾಗದವರ ಸಿನಿಮಾ ಬೀಳುತ್ತದೆ.

ಬಯೋಶಾಕ್ ಎಂಬ 2007ರ ಗೇಮ್ ಇದನ್ನು ಚೆನ್ನಾಗಿ ತೋರಿಸುತ್ತದೆ. (ಆಡಬೇಕು ಎಂದುಕೊಂಡಿರುವವರು ಈ ಪ್ಯಾರಾ ದಾಟಿ ಹೋಗಿ.) ಸಮುದ್ರದ ತಳದಲ್ಲಿ ಒಂದು ಹಾಳುಬಿದ್ದ ನಗರ. ರೇಡಿಯೋದಲ್ಲಿ ಒಬ್ಬ ಮೆತ್ತಗೆ ವಿನಂತಿಸುತ್ತಾ ಇರುತ್ತಾನೆ. ದಯವಿಟ್ಟು ಅಲ್ಲಿಗೆ ಹೋಗು, ದಯವಿಟ್ಟು ಆ ಆಯುಧ ತಗೋ. ನೀವು ಹೇಳಿದ್ದನ್ನೆಲ್ಲ ಮಾಡುತ್ತಾ ಹೋಗುತ್ತೀರಿ. ಗೇಮ್ ಅಂದರೆ ಹೇಳಿದ್ದನ್ನು ಮಾಡುವುದು ತಾನೆ? ಅರ್ಧ ದಾರಿ ದಾಟಿದ ಮೇಲೆ ಗೊತ್ತಾಗುತ್ತದೆ, ಆ ವಿನಂತಿಯ ಮಾತೇ ನಾಯಕನನ್ನು ಕುಣಿಸುವ ಮಂತ್ರ. ಅವನಿಗೆ ಸ್ವಂತ ಇಚ್ಛೆ ಎನ್ನುವುದೇ ಇರಲಿಲ್ಲ. ಆ ಕ್ಷಣದಲ್ಲಿ ಗೇಮ್ ನಿಮ್ಮ ಕೈಯಿಂದ ನಿಯಂತ್ರಣ ಕಿತ್ತುಕೊಳ್ಳುತ್ತದೆ. ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ನಿಮ್ಮದೇ ಪಾತ್ರ ಒಬ್ಬನನ್ನು ಹೊಡೆದು ಕೊಲ್ಲುವುದನ್ನು ಸುಮ್ನೆ ನೋಡಬೇಕು. ಇಷ್ಟು ಹೊತ್ತು ನಾನೇ ನಿರ್ಧಾರ ಮಾಡುತ್ತಿದ್ದೆ ಎಂದುಕೊಂಡಿದ್ದೆನಲ್ಲ ಎಂದು ಮುಖಕ್ಕೆ ರಾಚುತ್ತದೆ.

ಇದನ್ನು ಸಿನಿಮಾ ಮಾಡಿ ನೋಡೋಣ. ತೆರೆಯ ಮೇಲಿನ ಯಾರೋ ಒಬ್ಬನಿಗೆ ತಾನು ಸೂತ್ರದ ಬೊಂಬೆ ಎಂದು ಗೊತ್ತಾಗುತ್ತದೆ. ಅಯ್ಯೋ ಪಾಪ ಅನ್ನುತ್ತೇವೆ. ಅಷ್ಟೇ. ನೋಡುವವರಿಗೆ ಮೊದಲಿನಿಂದಲೂ ನಿಯಂತ್ರಣ ಇರಲಿಲ್ಲ, ಹಾಗಾಗಿ ಕಿತ್ತುಕೊಳ್ಳಲು ಏನೂ ಇಲ್ಲ. ಈ ಗೇಮನ್ನು ತೆರೆಗೆ ತರುವ ಒಂದು ಪ್ರಯತ್ನ ಖರ್ಚಿನ ತಕರಾರಿನಲ್ಲಿ ನಿಂತುಹೋಯಿತು. ಮತ್ತೊಂದನ್ನು ನೆಟ್‌ಫ್ಲಿಕ್ಸ್ 2022ರಲ್ಲಿ ಘೋಷಿಸಿತು. ಆ ಒಂದು ದೃಶ್ಯವನ್ನು ಅವರು ಏನು ಮಾಡುತ್ತಾರೋ ಎಂದು ನನಗೆ ನಿಜಕ್ಕೂ ಕುತೂಹಲವಿದೆ.

ಕೈಯ ಜಾಗದಲ್ಲಿ ಕಣ್ಣನ್ನಿಟ್ಟರೆ ಸಾಕು ಎಂದು 2005ರ ಡೂಮ್ ಸಿನಿಮಾದವರು ಅಂದುಕೊಂಡಿದ್ದಿರಬೇಕು. ಕೊನೆಯ ಹತ್ತಿರ ಸುಮಾರು ಐದು ನಿಮಿಷ ಕ್ಯಾಮೆರಾ ನಾಯಕನ ಕಣ್ಣಾಗುತ್ತದೆ. ಮುಂದೆ ಬಂದೂಕು, ಮೂಲೆ ಮೂಲೆಯಿಂದ ರಾಕ್ಷಸರು, ಥೇಟ್ ಗೇಮಿನ ಹಾಗೆ. ಬೇರೆ ಯಾರೋ ಆಡುತ್ತಿರುವಾಗ ಹಿಂದೆ ಕೂತು ನಮ್ಮ ಸರದಿಗೆ ಕಾಯುತ್ತಿರುವ ಹಾಗೆ ಅನಿಸುತ್ತದೆ. ಸರದಿ ಬರುವುದೇ ಇಲ್ಲ.

ಇಲ್ಲಿ ಒಂದು ತಕರಾರು ಏಳಬಹುದು. ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ, ಟ್ವಿಚ್‌ನಲ್ಲಿ ಜನ ಗಂಟೆಗಟ್ಟಲೆ ನೋಡುತ್ತಾರಲ್ಲ? ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಅಲ್ಲಿ ಕಂಟ್ರೋಲರ್ ಹಿಡಿದವನಿಗೆ ಮುಂದೇನು ಎಂದು ಗೊತ್ತಿರುವುದಿಲ್ಲ. ಅವನು ನಿಜಕ್ಕೂ ಸೋಲಬಹುದು, ಬೆಚ್ಚಿಬಿದ್ದು ಕಿರುಚಬಹುದು, ಒಂದೇ ಬಾಸ್ (ಹಂತದ ಕೊನೆಯ ದೊಡ್ಡ ಶತ್ರು) ಎದುರು ರಾತ್ರಿಯಿಡೀ ಒದ್ದಾಡಬಹುದು. ನಾವು ನೋಡುವುದು ಅವನ ಒದ್ದಾಟವನ್ನು. ಸಿನಿಮಾದ ನಾಯಕ ಸೋಲುವುದಿಲ್ಲ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು.

ಸಾವಿನ ವಿಷಯವೂ ಹೀಗೇ. ಗೇಮಿನಲ್ಲಿ ನಾವು ಸತ್ತು ಸತ್ತು ಕಲಿಯುತ್ತೇವೆ. ಟೂಂಬ್ ರೈಡರ್ ಗೇಮಿನ ನಾಯಕಿ ಲಾರಾ ಕ್ರಾಫ್ಟ್ ನನ್ನ ಕೈಯಲ್ಲಿ ಎಷ್ಟು ಬಂಡೆಗಳಿಂದ ಬಿದ್ದಿದ್ದಾಳೋ ಲೆಕ್ಕವಿಲ್ಲ. ಕೊನೆಗೊಮ್ಮೆ ಆ ಜಿಗಿತ ಸರಿಹೋದಾಗ ಸಿಗುವ ಸಮಾಧಾನ ಆ ಎಲ್ಲ ಬೀಳುವಿಕೆಗಳ ಸಂಬಳ. 2001ರ ಸಿನಿಮಾದಲ್ಲಿ ಏಂಜೆಲಿನಾ ಜೋಲಿ ನೋಡೋಕೆ ಥೇಟ್ ಲಾರಾ. ಆದರೆ ಅವಳಿಗೆ ಯಾವುದೂ ಕಷ್ಟವೇ ಅಲ್ಲ. ಮೊದಲ ಗೇಮಿನಲ್ಲಿದ್ದ ಒಂಟಿತನ, ಹೆಜ್ಜೆ ಲೆಕ್ಕ ಹಾಕಿ ಅಂಚಿಗೆ ಬಂದು ನಿಲ್ಲುವ ಭಯ ಎರಡೂ ಇಲ್ಲ. ಸಿನಿಮಾಕ್ಕೆ ದುಡ್ಡು ಬಂತು, ಚೆನ್ನಾಗಿಯೇ ಬಂತು. ಇಂದು ಅದರ ಒಂದು ದೃಶ್ಯವನ್ನಾದರೂ ನೆನಪಿಸಿಕೊಂಡು ಮಾತಾಡುವವರನ್ನು ನಾನು ಕಂಡಿಲ್ಲ.

ತಮಾಷೆ ಏನೆಂದರೆ, ಸತ್ತು ಕಲಿಯುವ ಈ ಅನುಭವವನ್ನು ಸಿನಿಮಾಕ್ಕೆ ಚೆನ್ನಾಗಿ ತಂದವರು ಗೇಮಿನ ಹಕ್ಕು ಕೊಂಡವರಲ್ಲ. 1993ರಲ್ಲೇ, ಆ ಕತ್ತಲು ಮಾರಿಯೋ ಬಂದ ವರ್ಷವೇ, ಗ್ರೌಂಡ್‌ಹಾಗ್ ಡೇ ಬಂತು. ಒಬ್ಬ ಮನುಷ್ಯ ಒಂದೇ ದಿನದೊಳಗೆ ಸಿಕ್ಕಿಹಾಕಿಕೊಂಡಿದ್ದಾನೆ. ಸತ್ತರೂ ಬೆಳಿಗ್ಗೆ ಅದೇ ಹಾಸಿಗೆಯಲ್ಲಿ ಏಳುತ್ತಾನೆ. ಮೊದಲು ಚೇಷ್ಟೆ ಮಾಡುತ್ತಾನೆ, ಆಮೇಲೆ ಹತಾಶನಾಗುತ್ತಾನೆ, ಆಮೇಲೆ ನಿಧಾನಕ್ಕೆ ಪಿಯಾನೊ ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ಸರಿಯಾದ ಹೊತ್ತಿಗೆ ಹೋಗಿ ಹಿಡಿಯುತ್ತಾನೆ. ಗೇಮ್ ಆಡುವ ಯಾರಿಗಾದರೂ ಇದು ಗೊತ್ತಿರುವ ಬದುಕು. 2014ರ ಎಡ್ಜ್ ಆಫ್ ಟುಮಾರೊ ಇನ್ನೂ ನೇರ. ಟಾಮ್ ಕ್ರೂಸ್ ಅದೇ ಯುದ್ಧದಲ್ಲಿ ಮತ್ತೆ ಮತ್ತೆ ಸಾಯುತ್ತಾನೆ. ತಪ್ಪಾಯಿತು ಅನ್ನಿಸಿದರೆ ಎಮಿಲಿ ಬ್ಲಂಟ್ ಒಂಚೂರೂ ಬೇಸರವಿಲ್ಲದೆ ಅವನ ತಲೆಗೆ ಗುಂಡು ಹೊಡೆದು ಮೊದಲಿನಿಂದ ಶುರು ಮಾಡಿಸುತ್ತಾಳೆ. ಇದು ಯಾವ ಗೇಮಿನ ರೂಪಾಂತರವೂ ಅಲ್ಲ. ಆದರೂ ನಾನು ನೋಡಿದ ಗೇಮ್ ಸಿನಿಮಾಗಳಲ್ಲಿ ಅತ್ಯುತ್ತಮ ಯಾವುದು ಎಂದರೆ ಇದರ ಹೆಸರು ಹೇಳುವ ಆಸೆಯಾಗುತ್ತದೆ.

ಹಕ್ಕು ಕೊಂಡವರ ಕಷ್ಟ ಇನ್ನೊಂದಿದೆ. ಕಳೆದ ಇಪ್ಪತ್ತೈದು ವರ್ಷಗಳ ದೊಡ್ಡ ಗೇಮ್‌ಗಳು ಬಹುಪಾಲು ಸಿನಿಮಾದಿಂದಲೇ ಸಾಲ ತಂದವು. ಅನ್‌ಚಾರ್ಟೆಡ್ ಅಂದರೆ ಇಂಡಿಯಾನಾ ಜೋನ್ಸ್ ಥರದ ನಿಧಿ ಬೇಟೆ. ಮ್ಯಾಕ್ಸ್ ಪೇನ್ ಅಂದರೆ ಗಾಳಿಯಲ್ಲಿ ನಿಧಾನವಾಗಿ ಹಾರುತ್ತಾ ಗುಂಡು ಹೊಡೆಯುವ ಹಾಂಗ್‌ಕಾಂಗ್ ಸಿನಿಮಾಗಳ ವೈಖರಿ. ಇವುಗಳ ಮಜಾ ಇದ್ದದ್ದೇ, ಇಷ್ಟು ದಿನ ನೋಡಿದ್ದನ್ನು ಈಗ ನಾನೇ ಮಾಡುತ್ತಿದ್ದೇನೆ ಎನ್ನುವುದರಲ್ಲಿ. ರೈಲು ಬಂಡೆಯಂಚಿನಿಂದ ನೇತಾಡುತ್ತಿದೆ, ಹತ್ತುತ್ತಿರುವುದು ನಾನು. ಅದನ್ನೇ ಮತ್ತೆ ಸಿನಿಮಾ ಮಾಡಿದರೆ ಸಾಲ ತಂದದ್ದು ಅಂಗಡಿಗೆ ವಾಪಸ್ ಹೋಯಿತು ಅಷ್ಟೇ. 2022ರ ಅನ್‌ಚಾರ್ಟೆಡ್ ಕೆಟ್ಟದಾಗೇನೂ ಇಲ್ಲ. ಟಾಮ್ ಹಾಲೆಂಡ್ ಚುರುಕಾಗಿದ್ದಾನೆ, 40 ಕೋಟಿ ಡಾಲರ್ ಬಂತು. ಆದರೆ ಅಂಥ ಸಿನಿಮಾಗಳು ಮೊದಲೇ ಬೇಕಾದಷ್ಟಿದ್ದವು.

ಈಗ ಎಲ್ಲರೂ ಹೊಗಳುವ ದ ಲಾಸ್ಟ್ ಆಫ್ ಅಸ್‌ಗೆ ಬರುತ್ತೇನೆ. ನಾನೂ ಹೊಗಳುವವನೇ. ಆದರೆ ಜನ ಹೇಳುವ ಕಾರಣಕ್ಕಲ್ಲ. ಗೇಮನ್ನು ಯಥಾವತ್ತಾಗಿ ತಂದರು ಅನ್ನುತ್ತಾರೆ. ಬಹಳಷ್ಟು ದೃಶ್ಯಗಳು ಹಾಗೇ ಇವೆ, ನಿಜ. ಗೇಮ್ ಬರೆದ ನೀಲ್ ಡ್ರಕ್‌ಮನ್ ಅವರೇ ಕ್ರೇಗ್ ಮೇಜಿನ್ ಜೊತೆ ಕೂತು 2023ರ ಸೀರೀಸ್ ಮಾಡಿದರು. ಆದರೆ ಆ ಸೀರೀಸ್ ಎದೆಗೆ ನಾಟಿದ್ದು ಅದು ಗೇಮನ್ನು ಬಿಟ್ಟುಹೋದ ಕಡೆ.

ಮೂರನೇ ಎಪಿಸೋಡ್ ನೋಡಿ. ಗೇಮಿನಲ್ಲಿ ಬಿಲ್ ಒಬ್ಬ ಸಿಡುಕ. ಇಡೀ ಊರಿಗೆ ಬಲೆ, ಬಾಂಬು ಕಟ್ಟಿಕೊಂಡು ಒಬ್ಬನೇ ಬದುಕುತ್ತಿದ್ದಾನೆ. ಸೋಂಕು ಹಬ್ಬಿ ಹಾಳಾದ ಜಗತ್ತನ್ನು ದಾಟುತ್ತಿರುವ ನಾಯಕ ಜೋಯೆಲ್ ಮತ್ತು ಆ ಸೋಂಕು ತಟ್ಟದ ಹುಡುಗಿ ಎಲ್ಲಿ (Ellie) ಒಂದು ಕಾರಿನ ಬ್ಯಾಟರಿಗಾಗಿ ಅವನ ಬಳಿ ಬರುತ್ತಾರೆ. ಫ್ರಾಂಕ್ ಎನ್ನುವವನು ಅವನ ಜೊತೆಗಾರನಾಗಿದ್ದ, ಬಿಟ್ಟುಹೋದ, ಈಗ ಒಂದು ಮನೆಯಲ್ಲಿ ನೇಣಿನಲ್ಲಿ ತೂಗುತ್ತಿದ್ದಾನೆ. ಅವನು ಬರೆದಿಟ್ಟ ಚೀಟಿಯಲ್ಲಿ ಬಿಲ್ ಮೇಲಿನ ದ್ವೇಷ ಬಿಟ್ಟರೆ ಬೇರೇನಿಲ್ಲ. ಆ ಅಧ್ಯಾಯದ ಬಹುಪಾಲು ನಾವು ಸೋಂಕಿತರನ್ನು ಹೊಡೆಯುತ್ತಾ, ಅಡಗುತ್ತಾ ಕಳೆಯುತ್ತೇವೆ. ಬಿಲ್‌ನ ಬದುಕು ಅಲ್ಲಲ್ಲಿ ಬಿದ್ದಿರುವ ಚೂರು.

ಸೀರೀಸಿನಲ್ಲಿ ಆ ಎಪಿಸೋಡ್ ಒಂದು ಗಂಟೆಗೂ ಜಾಸ್ತಿ ಇದೆ. ಅದರ ದೊಡ್ಡ ಭಾಗದಲ್ಲಿ ಜೋಯೆಲ್, ಎಲ್ಲಿ ಇಬ್ಬರೂ ಇಲ್ಲ. ಫ್ರಾಂಕ್ ಬಿಲ್ ತೋಡಿದ ಗುಂಡಿಗೆ ಬೀಳುತ್ತಾನೆ. ಬಿಲ್ ಅವನನ್ನು ಒಳಗೆ ಕರೆದು ಊಟ ಹಾಕುತ್ತಾನೆ. ಒಂದು ಹಾಡು, ಒಂದು ಮುತ್ತು, ಜಗಳ, ಕದ್ದು ಬೆಳೆಸಿದ ಸ್ಟ್ರಾಬೆರಿ, ಮುಪ್ಪು, ಕಾಯಿಲೆ. ಕೊನೆಗೆ ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ಅದೂ ತಮ್ಮ ಇಷ್ಟದಂತೆ, ಸಮಾಧಾನದಿಂದ. ಜೋಯೆಲ್, ಎಲ್ಲಿ ಬರುವ ಹೊತ್ತಿಗೆ ಮನೆ ಖಾಲಿ, ಮೇಜಿನ ಮೇಲೆ ಒಂದು ಪತ್ರ. ಕೆಲವು ಫ್ಯಾನ್‌ಗಳು ಸಿಟ್ಟಾದರು. ಕಥೆಗೆ ಸಂಬಂಧವೇ ಇಲ್ಲ ಎಂದರು.

ಇದು ಗೇಮಿನಲ್ಲಿ ಯಾಕೆ ಸಾಧ್ಯವಿರಲಿಲ್ಲ? ಯಾಕೆಂದರೆ ಗೇಮಿನ ಕ್ಯಾಮೆರಾ ಹೆಚ್ಚುಕಮ್ಮಿ ಜೋಯೆಲ್ ಬೆನ್ನಿಗೇ ಕಟ್ಟಿದೆ. ಅವನು ಹೋಗದ ಕಡೆ ನಾವು ಹೋಗುವಂತಿಲ್ಲ, ಅವನು ಕಾಣದ್ದನ್ನು ಕಾಣುವಂತಿಲ್ಲ. ಆಡುವವರನ್ನು ಒಂದು ಗಂಟೆ ಕೈಕಟ್ಟಿ ಕೂರಿಸಿ ಬೇರೆ ಇಬ್ಬರ ಸಂಸಾರ ತೋರಿಸಿದರೆ ಸ್ಕಿಪ್ ಬಟನ್ ಹುಡುಕುತ್ತಾರೆ. ಸಿನಿಮಾಕ್ಕೆ ಕೈಯಿಲ್ಲ, ಆದರೆ ಕಾಲಿದೆ. ಯಾರ ಬೆನ್ನನ್ನೂ ಬಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು. ಇಪ್ಪತ್ತು ವರ್ಷವನ್ನು ಒಂದೇ ಕಟ್‌ನಲ್ಲಿ ದಾಟಬಹುದು. ಗೇಮಿನಲ್ಲಿ ಗೋಡೆಯ ಮೇಲಿನ ಒಂದು ಚೀಟಿಯಾಗಿದ್ದವನನ್ನು ಮನುಷ್ಯನನ್ನಾಗಿ ಮಾಡಬಹುದು. ಕೈ ಹೋದದ್ದಕ್ಕೆ ಬದಲಾಗಿ ಸಿಗುವ ದೊಡ್ಡ ಸ್ವಾತಂತ್ರ್ಯ ಇದು. ಬಹಳಷ್ಟು ರೂಪಾಂತರಗಳು ಅದನ್ನು ಬಳಸಿಕೊಳ್ಳುವುದೇ ಇಲ್ಲ. ನಾಯಕನ ಹಿಂದೆ ನಾಯಿಮರಿಯ ಹಾಗೆ ಓಡುತ್ತಾ ಇರುತ್ತವೆ.

ಅದೇ ಸೀಸನ್ನಿನ ಕೊನೆಯಲ್ಲಿ ಆಸ್ಪತ್ರೆಯ ದೃಶ್ಯವಿದೆ. ಎಲ್ಲಿಯನ್ನು ಉಳಿಸಿಕೊಳ್ಳಲು ಜೋಯೆಲ್ ಎದುರಿಗೆ ಬಂದವರನ್ನೆಲ್ಲ ಕೊಲ್ಲುತ್ತಾ ಹೋಗುತ್ತಾನೆ. ಅವಳ ಮಿದುಳಿನಿಂದ ಮದ್ದು ತೆಗೆಯಬಹುದು, ಜಗತ್ತು ಉಳಿಯಬಹುದು, ಆದರೆ ಅವಳು ಉಳಿಯುವುದಿಲ್ಲ. ಗೇಮಿನಲ್ಲಿ ಆಪರೇಷನ್ ಕೋಣೆಗೆ ನುಗ್ಗಿದಾಗ ಸರ್ಜನ್ ಚಾಕು ಹಿಡಿದು ಅಡ್ಡ ನಿಲ್ಲುತ್ತಾನೆ. ಎಷ್ಟು ಹೊತ್ತು ಬೇಕಾದರೂ ನಿಂತಿರಿ, ಅವನನ್ನು ಕೊಲ್ಲದೆ ಗೇಮ್ ಮುಂದೆ ಹೋಗುವುದಿಲ್ಲ. ಕೊನೆಗೆ ಬಟನ್ ಒತ್ತುವವರು ನೀವೇ. ಜೋಯೆಲ್ ಮಾಡಿದ್ದು ಸರಿಯೋ ತಪ್ಪೋ ಎಂದು ಆಮೇಲೆ ಎಷ್ಟೇ ಚರ್ಚೆ ಮಾಡಿದರೂ ಅದರಲ್ಲಿ ನಿಮ್ಮ ಬೆರಳಿನ ಪಾಲೂ ಇರುತ್ತದೆ.

ಸೀರೀಸಿನವರಿಗೆ ಆ ಬೆರಳು ಸಿಗುವುದಿಲ್ಲ. ಹಾಗಾಗಿ ಅವರು ಅದನ್ನು ರೋಚಕ ಗುಂಡಿನ ಕಾಳಗ ಮಾಡಲು ಹೋಗಲಿಲ್ಲ. ಗುಂಡಿನ ಸದ್ದು ತಗ್ಗಿಸಿದರು, ಮೇಲೆ ಒಂದು ಶೋಕದ ಸಂಗೀತ ಇಟ್ಟರು. ಜೋಯೆಲ್ ಪಾತ್ರದ ಪೆಡ್ರೊ ಪಾಸ್ಕಲ್ ಮುಖದಲ್ಲಿ ಸಿಟ್ಟೂ ಇಲ್ಲ. ಕೆಲಸ ಮುಗಿಸುವವನ ಹಾಗೆ ನಡೆದುಹೋಗುತ್ತಾನೆ, ಕೈ ಎತ್ತಿ ಶರಣಾದವರನ್ನೂ ಬಿಡುವುದಿಲ್ಲ. ಗೇಮಿನಲ್ಲಿ ನಾವು ಪಾಲುದಾರರು, ಇಲ್ಲಿ ಸಾಕ್ಷಿಗಳು. ಒಂದೇ ಘಟನೆ, ಎರಡು ಬೇರೆ ಸಂಕಟ. ಸೀರೀಸಿನ ದೃಶ್ಯ ಗೇಮಿನಷ್ಟು ಕಾಡುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಗೇಮಿನ ನಕಲು ಅಲ್ಲ, ಅದೇ ಮುಖ್ಯ.

ಫಾಲ್‌ಔಟ್ ಮಾಡಿದವರು ಬೇರೆ ಉಪಾಯ ಹುಡುಕಿದರು. ಅಣುಯುದ್ಧದ ನಂತರದ ಜಗತ್ತು, ನೆಲದಡಿಯ ಬಂಕರುಗಳು, ನೀಲಿ ಉಡುಪು, ಹಳೆಯ ಕಾಲದ ಹಾಡುಗಳು ಎಲ್ಲ ಗೇಮಿನವು. ಕಥೆ ಮತ್ತು ಮುಖ್ಯ ಪಾತ್ರಗಳು ಹೊಸವು. ಅದು ಜಾಣತನ. ಯಾಕೆಂದರೆ ಆ ಗೇಮಿನಲ್ಲಿ ನಾಯಕ ಅಂತ ಒಬ್ಬ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಥರ ಆಡುತ್ತಾರೆ. ನನಗೆ 2024ರ ಮೊದಲ ಸೀಸನ್ ನೋಡುವಾಗ ಅನಿಸಿದ್ದು, ಅದರ ಮೂರು ಪಾತ್ರಗಳೂ ಮೂರು ಥರದ ಆಟಗಾರರು. ಲೂಸಿ ಎಲ್ಲರಿಗೂ ಒಳ್ಳೆಯದು ಮಾಡುತ್ತೇನೆ ಎಂದು ಹೊರಟವಳು. ಮ್ಯಾಕ್ಸಿಮಸ್‌ಗೆ ಮೊದಲು ಆ ದೊಡ್ಡ ಕಬ್ಬಿಣದ ಕವಚ ಬೇಕು, ಉಳಿದದ್ದು ಆಮೇಲೆ. ಗೂಲ್ ಎಂಬ ಮೂಗಿಲ್ಲದ ಮುದುಕ ಈ ಗೇಮನ್ನು ಎಷ್ಟೋ ಸಲ ಆಡಿ ಮುಗಿಸಿದವನ ಹಾಗೆ ಯಾರಿಗೂ ಕರುಣೆ ತೋರಿಸುವುದಿಲ್ಲ. ಬಂಜರು ನೆಲದ ಬಂಗಾರದಂಥ ನಿಯಮವನ್ನು ಅವನೇ ಲೂಸಿಗೆ ಹೇಳಿಕೊಡುತ್ತಾನೆ. ಪ್ರತಿ ಸಲವೂ ಯಾವುದೋ ಕೆಲಸಕ್ಕೆ ಬಾರದ ವಿಷಯದ ಹಿಂದೆ ಹೋಗಿ ದಾರಿ ತಪ್ಪುತ್ತೀಯ ಎಂದು. ಅಪ್ಪನನ್ನೋ ಮಗನನ್ನೋ ಹುಡುಕಲು ಹೊರಟು, ಯಾರದೋ ಕಳೆದುಹೋದ ಪಿಟೀಲು ಹುಡುಕುತ್ತಾ ವಾರ ಕಳೆದ ಆಟಗಾರರಿಗೆಲ್ಲ ಆ ಸಾಲು ಕೇಳಿ ನಗು ಬಂದಿರುತ್ತದೆ. ಗೇಮ್ ಆಡದವರಿಗೂ ಅದು ಒಳ್ಳೆಯ ಸಂಭಾಷಣೆಯೇ.

ಹೇಲೋ ಸೀರೀಸಿಗೆ ಈ ಅದೃಷ್ಟ ಇರಲಿಲ್ಲ. ಅದರ ನಾಯಕ, ಸೈನಿಕ ಮಾಸ್ಟರ್ ಚೀಫ್, ಹೆಲ್ಮೆಟ್ ತೆಗೆದದ್ದಕ್ಕೆ ಎದ್ದ ಗಲಾಟೆ ಎಲ್ಲರಿಗೂ ನೆನಪಿರಬಹುದು. 2022ರ ಮೊದಲ ಎಪಿಸೋಡಿನಲ್ಲೇ ತೆಗೆದ. ಗೇಮಿನಲ್ಲಿ ಅವನ ಮುಖ ತೋರಿಸದೆ ಇಪ್ಪತ್ತು ವರ್ಷ ಕಾಪಾಡಿದ್ದರು. ನಾನು ಇಲ್ಲಿ ಫ್ಯಾನ್‌ಗಳ ಪರವೂ ಅಲ್ಲ, ಸೀರೀಸಿನವರ ಪರವೂ ಅಲ್ಲ. ಗಂಟೆಗಟ್ಟಲೆ ನಡೆಯುವ ಕಥೆಯಲ್ಲಿ ನಟನಿಗೆ ಮುಖ ಬೇಕು, ಸರಿ. ಆದರೆ ಗೇಮಿನಲ್ಲಿ ಆ ಹೆಲ್ಮೆಟ್ಟಿನೊಳಗೆ ಇದ್ದದ್ದು ಆಡುವವನು. ಅವನನ್ನು ಎಬ್ಬಿಸಿ ಆ ಜಾಗದಲ್ಲಿ ಬೇರೆ ಒಬ್ಬನನ್ನು ಕೂರಿಸುತ್ತೀರಿ ಎಂದರೆ ಬಂದವನು ಭಾರೀ ಆಸಕ್ತಿ ಹುಟ್ಟಿಸುವಂಥ ಮನುಷ್ಯ ಆಗಿರಬೇಕು. ಆಗಿರಲಿಲ್ಲ. ಎರಡು ಸೀಸನ್ನಿಗೆ ನಿಂತಿತು.

ಸಿನಿಮಾಕ್ಕಿಂತ ಸೀರೀಸು ವಾಸಿ ಎನ್ನುವ ಮಾತು ಈಗ ಜೋರಾಗಿದೆ. ಮೂವತ್ತು ನಲವತ್ತು ಗಂಟೆಯ ಗೇಮನ್ನು ಎರಡು ಗಂಟೆಗೆ ಹಿಂಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೇಲೋ ಕೂಡ ಸೀರೀಸೇ. ಅತ್ತ 1995ರ ಮಾರ್ಟಲ್ ಕಾಂಬ್ಯಾಟ್ ಎರಡು ಗಂಟೆಯೂ ಇಲ್ಲ. ಗೇಮ್ ಒಂದು ಹೊಡೆದಾಟದ ಪಂದ್ಯ, ಸಿನಿಮಾವೂ ಅದೇ ಪಂದ್ಯ. ಇಬ್ಬರು ಬರುತ್ತಾರೆ, ಹೊಡೆದಾಡುತ್ತಾರೆ, ಹಿಂದೆ ಢಣ ಢಣ ಸಂಗೀತ. ಯಾವ ದೊಡ್ಡಸ್ತಿಕೆಯೂ ಇಲ್ಲ. ಸುಮಾರು 2 ಕೋಟಿ ಡಾಲರ್ ಹಾಕಿ 12 ಕೋಟಿ ತೆಗೆದರು. ಇನ್ನು ಆರ್ಕೇನ್ ಎಂಬ ಆನಿಮೇಷನ್ ಸೀರೀಸ್ ಮಾಡಿದವರಿಗೆ ಹಿಂಡಲು ಕಥೆಯೇ ಇರಲಿಲ್ಲ. ಅದರ ಮೂಲ ಲೀಗ್ ಆಫ್ ಲೆಜೆಂಡ್ಸ್ ಐದು ಐದು ಜನ ಬಡಿದಾಡುವ ಗೇಮ್, ಪಾತ್ರಗಳಿಗೆ ಇದ್ದದ್ದು ನಾಲ್ಕಾರು ಸಾಲಿನ ಪರಿಚಯ. ಪ್ಯಾರಿಸ್ಸಿನ ಫೋರ್ಟಿಶ್ ಸ್ಟುಡಿಯೋ ಅದರಿಂದ ಇಬ್ಬರು ಅಕ್ಕತಂಗಿಯರ ಕಥೆ ಕಟ್ಟಿತು. 2022ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಗೇಮ್ ಮುಟ್ಟದವರೂ ಅತ್ತರು.

ಗೇಮ್ ಮಾಡಿದವರ ಕೈಗೇ ಸಿನಿಮಾ ಕೊಟ್ಟುಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಫೈನಲ್ ಫ್ಯಾಂಟಸಿಯನ್ನು ಹುಟ್ಟುಹಾಕಿದ ಹಿರೊನೊಬು ಸಕಾಗುಚಿ ಅವರೇ 2001ರಲ್ಲಿ ಸಿನಿಮಾ ನಿರ್ದೇಶಿಸಿದರು. ಕಂಪ್ಯೂಟರಿನಲ್ಲೇ ಮನುಷ್ಯರನ್ನು ಸೃಷ್ಟಿಸುವ ಆಸೆ. ಸುಮಾರು 14 ಕೋಟಿ ಡಾಲರ್ ಖರ್ಚಾಯಿತು, ಬಂದದ್ದು ಎಂಟೂವರೆ ಕೋಟಿ. ಕೂದಲಿನ ಎಳೆ ಎಳೆಯೂ ಅಲ್ಲಾಡುತ್ತದೆ, ಕಣ್ಣುಗಳು ಮಾತ್ರ ಸತ್ತಿವೆ. ಗೇಮಿನಲ್ಲಿದ್ದ ಮಂತ್ರ, ತಮಾಷೆ, ಹಳದಿ ಹಕ್ಕಿಗಳು, ಗೆಳೆಯರ ಗುಂಪು ಎಲ್ಲ ಮಾಯ. ಸಿನಿಮಾ ಮಾಡಲೆಂದೇ ತೆರೆದಿದ್ದ ಸ್ಟುಡಿಯೋ ಮುಚ್ಚಿತು.

ದುಡ್ಡಿನ ಕಾರಣಕ್ಕೇ ಕೆಟ್ಟ ಸಿನಿಮಾಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2000ದ ದಶಕದಲ್ಲಿ ಜರ್ಮನಿಯ ನಿರ್ದೇಶಕ ಊವೆ ಬೋಲ್ ಒಂದರ ಹಿಂದೆ ಒಂದು ಗೇಮ್ ಸಿನಿಮಾ ಮಾಡಿದರು. ಜರ್ಮನಿಯ ಆಗಿನ ತೆರಿಗೆ ಕಾನೂನು ಸಿನಿಮಾಕ್ಕೆ ಹಣ ಹಾಕುವವರಿಗೆ ಅನುಕೂಲವಾಗಿತ್ತು. ಗೇಮಿನ ಹೆಸರಿದ್ದರೆ ಸಾಕು, ಮಾರಾಟ ಆಗುತ್ತದೆ ಎನ್ನುವ ಕಾಲ ಅದು. 2024ರ ಬಾರ್ಡರ್‌ಲ್ಯಾಂಡ್ಸ್ ನೋಡಿದರೆ ಆ ಕಾಲ ಪೂರ್ತಿ ಹೋಗಿಲ್ಲ ಅನಿಸುತ್ತದೆ. ಕೇಟ್ ಬ್ಲಾಂಚೆಟ್ ಇದ್ದೂ, 11 ಕೋಟಿ ಡಾಲರಿಗೂ ಮೇಲೆ ಸುರಿದೂ, 3 ಕೋಟಿ ಚಿಲ್ಲರೆ ಬಂತು.

ಈಗ ಮತ್ತೆ ಗೆದ್ದ ಮಾರಿಯೋ ಕಡೆ. ಆ ಸಿನಿಮಾದ ಬಗ್ಗೆ ನನಗೆ ಎರಡು ಮನಸ್ಸು. ಮಾರಿಯೋನನ್ನು ಸೃಷ್ಟಿಸಿದ ಮಿಯಾಮೊಟೊ ಅವರೇ ನಿರ್ಮಾಪಕರಲ್ಲಿ ಒಬ್ಬರು, ಬಣ್ಣ ಸರಿಯಿದೆ, ಸಂಗೀತ ಕೇಳಿದರೆ ಬಾಲ್ಯ ನೆನಪಾಗುತ್ತದೆ. ಆದರೆ ಬಹುಪಾಲು ಅದು ಗುರುತು ಹಿಡಿಯುವ ಆಟ. ಅಗೋ ಆ ಆಮೆ, ಅಗೋ ಆ ಕಾರು, ಅಗೋ ಆ ಕಾಮನಬಿಲ್ಲಿನ ರಸ್ತೆ. ಗುರುತು ಸಿಕ್ಕ ಖುಷಿ ಎರಡು ಸೆಕೆಂಡಿನದು. ಇಷ್ಟರ ನಡುವೆ ಒಂದು ದೃಶ್ಯ ಮಾತ್ರ ಬೇರೆ. ರಾಜಕುಮಾರಿ ಪೀಚ್ ಮಾರಿಯೋಗೆ ತರಬೇತಿ ಕೊಡುತ್ತಾಳೆ. ತೇಲುವ ಇಟ್ಟಿಗೆ, ಪೈಪು, ಬೆಂಕಿ ದಾಟಬೇಕು. ಬೀಳುತ್ತಾನೆ. ಏಳುತ್ತಾನೆ. ಮತ್ತೆ ಬೀಳುತ್ತಾನೆ, ಗೋಡೆಗೆ ಬಡಿದುಕೊಳ್ಳುತ್ತಾನೆ, ಮತ್ತೆ ಶುರು. ಅದು ನಾವು. ಮಾರಿಯೋ ಅಂದರೆ ಮೀಸೆ ಟೋಪಿ ಅಲ್ಲ, ತಪ್ಪಿದ ಜಿಗಿತಗಳು ಎಂದು ಆ ಕೆಲವು ನಿಮಿಷ ಸಿನಿಮಾಕ್ಕೆ ಗೊತ್ತಿತ್ತು.

2025ರ ಮೈನ್‌ಕ್ರಾಫ್ಟ್ ಸಿನಿಮಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಕಥೆ ಸಾಧಾರಣ. ಆದರೆ ಕೋಳಿಯ ಮೇಲೆ ಪುಟ್ಟ ಜಾಂಬಿ ಕೂತು ಬಂದಾಗ, ಜ್ಯಾಕ್ ಬ್ಲ್ಯಾಕ್ "ಚಿಕನ್ ಜಾಕಿ" ಎಂದು ಕೂಗಿದಾಗ, ಥಿಯೇಟರುಗಳಲ್ಲಿ ಹುಡುಗರು ಎದ್ದು ಕಿರುಚಿ ಪಾಪ್‌ಕಾರ್ನ್ ಎರಚಿದರು. ಕೆಲವು ಥಿಯೇಟರಿನವರು ಎಚ್ಚರಿಕೆಯ ಫಲಕ ಹಾಕಬೇಕಾಯಿತು. ವಿಮರ್ಶಕರು ತಲೆ ಚಚ್ಚಿಕೊಂಡರು, ಸಿನಿಮಾ 95 ಕೋಟಿ ಡಾಲರ್ ದಾಟಿತು. ಗುಡಿಸುವವರ ಪಾಡು ನೆನೆದರೆ ಬೇಜಾರಾಗುತ್ತದೆ, ಅದು ಬೇರೆ. ಆದರೆ ನನಗೆ ಇದರಲ್ಲಿ ಒಂದು ನ್ಯಾಯ ಕಂಡಿತು. ಏನು ಬೇಕಾದರೂ ಕಟ್ಟು, ಏನು ಬೇಕಾದರೂ ಕೆಡವು ಎನ್ನುವ ಗೇಮ್ ಆಡಿ ಬೆಳೆದ ಮಕ್ಕಳು ಎರಡು ಗಂಟೆ ಕೈಕಟ್ಟಿ ಕೂರಲು ಒಪ್ಪಲಿಲ್ಲ. ಸಿನಿಮಾ ಅವರ ಕೈಗೆ ಕೆಲಸ ಕೊಡಲಿಲ್ಲ, ಅವರೇ ಹುಡುಕಿಕೊಂಡರು.

ಕೆಲಸವನ್ನು ಸಿನಿಮಾವೇ ಕೊಟ್ಟ ಉದಾಹರಣೆಯೂ ಅದೇ ವರ್ಷ ಬಂತು. ಜಪಾನಿನ ಎಕ್ಸಿಟ್ 8. ಮೂಲ ಗೇಮ್ 2023ರದ್ದು, ತೀರಾ ಸಣ್ಣದು. ನೆಲದಡಿಯ ರೈಲು ನಿಲ್ದಾಣದ ಒಂದು ಬಿಳಿ ಹಾದಿ. ನಡೆಯುತ್ತಾ ಹೋದರೆ ಮತ್ತೆ ಅದೇ ಹಾದಿ. ಎದುರಿಗೆ ಅದೇ ಮನುಷ್ಯ ಬ್ಯಾಗು ಹಿಡಿದು ನಡೆದು ಬರುತ್ತಾನೆ. ಏನಾದರೂ ಅಸಹಜ ಕಂಡರೆ ಹಿಂದಕ್ಕೆ ತಿರುಗು, ಕಾಣದಿದ್ದರೆ ಮುಂದೆ ಹೋಗು. ಇಷ್ಟೇ ನಿಯಮ. ಕಥೆ ಇಲ್ಲ, ಹೆಸರಿಲ್ಲ, ಶತ್ರುವಿಲ್ಲ. ಇದರಿಂದ ಸಿನಿಮಾ ಮಾಡುತ್ತಾರಂತೆ ಎಂದಾಗ ಹುಚ್ಚು ಅನಿಸಿರಲೂಬಹುದು.

ನಿರ್ದೇಶಕ ಗೆಂಕಿ ಕವಾಮುರ ಆ ನಿಯಮವನ್ನೇ ಹಿಡಿದುಕೊಂಡರು. ಸಿನಿಮಾ ನೋಡುವಾಗ ನಾವೂ ಪೋಸ್ಟರುಗಳನ್ನು, ಬಾಗಿಲ ಹಿಡಿಗಳನ್ನು, ದೀಪಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಕೂರುತ್ತೇವೆ. ನಾಯಕನಿಗಿಂತ ಮೊದಲು ನಮಗೆ ಏನೋ ಕಂಡರೆ "ಲೋ, ಅಲ್ನೋಡೋ" ಎಂದು ಕೂಗುವ ಹಾಗಾಗುತ್ತದೆ. ಕೈಯ ಕೆಲಸ ಕಣ್ಣಿಗೆ ಬಂತು. ಅಷ್ಟೇ ಅಲ್ಲ, ಸಿನಿಮಾ ಶುರುವಾಗುವುದು ರೈಲಿನೊಳಗೆ. ಅಳುವ ಮಗುವಿನ ತಾಯಿಯ ಮೇಲೆ ಒಬ್ಬ ಕೂಗಾಡುತ್ತಿದ್ದಾನೆ, ಎಲ್ಲರೂ ಕಂಡೂ ಕಾಣದ ಹಾಗೆ ಫೋನ್ ನೋಡುತ್ತಿದ್ದಾರೆ. ನಾಯಕನೂ ಅವರಲ್ಲೊಬ್ಬ. ಆಮೇಲೆ ಅವನು ಸಿಕ್ಕಿಬೀಳುವ ಹಾದಿಯ ಮೊದಲ ನಿಯಮವೇ, ಅಸಹಜವಾದದ್ದನ್ನು ಕಡೆಗಣಿಸಬೇಡ. ಗೇಮಿನಲ್ಲಿ ಬರೀ ನಿಯಮವಾಗಿದ್ದದ್ದು ಇಲ್ಲಿ ಒಬ್ಬ ಮನುಷ್ಯನ ಮೇಲಿನ ಆರೋಪವಾಯಿತು. ಒಂದು ಬಿಳಿ ಹಾದಿಯಿಂದ ಇಷ್ಟು ತೆಗೆಯಬಹುದಾದರೆ, ದೊಡ್ಡ ದೊಡ್ಡ ಸಾಮ್ರಾಜ್ಯಗಳ ಹಕ್ಕು ಇಟ್ಟುಕೊಂಡವರು ಮಾಡುತ್ತಿರುವುದೇನು ಎಂದು ಕೇಳುವ ಹಾಗಾಗುತ್ತದೆ.

ಮುಂದಿನ ದೊಡ್ಡ ಪರೀಕ್ಷೆ ಜೆಲ್ಡಾ ಗೇಮ್‌ಗಳ ಸಿನಿಮಾ. ವೆಸ್ ಬಾಲ್ ನಿರ್ದೇಶನದಲ್ಲಿ, ನಿಜವಾದ ನಟರನ್ನಿಟ್ಟು, 2027ಕ್ಕೆ ಬರಲಿದೆ ಎಂದು ಗೇಮಿನ ಕಂಪನಿ ನಿಂಟೆಂಡೋ ಘೋಷಿಸಿದೆ. ಇಲ್ಲಿ ತೊಡಕು ಎರಡು. ಒಂದು, ನಾಯಕ ಲಿಂಕ್ ಈ ಗೇಮ್‌ಗಳಲ್ಲಿ ಮಾತಾಡುವುದೇ ಇಲ್ಲ. ಕೂಗುತ್ತಾನೆ, ನರಳುತ್ತಾನೆ, ಅಷ್ಟೇ. ಇನ್ನೊಂದು, 2017ರ ಜೆಲ್ಡಾ ಗೇಮ್ ಬ್ರೆತ್ ಆಫ್ ದ ವೈಲ್ಡ್ ಆಡಿದವರಿಗೆ ಗೊತ್ತು, ಗುಹೆಯಿಂದ ಹೊರಬಂದು ಬಂಡೆಯ ಮೇಲೆ ನಿಂತರೆ ಇಡೀ ರಾಜ್ಯ ಎದುರಿಗೆ ಹರಡಿರುತ್ತದೆ. ಮೊದಲ ಪಾಠ ಮುಗಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಸೀದಾ ಕೊನೆಯ ರಾಕ್ಷಸನ ಕೋಟೆಗೂ ನಡೆಯಬಹುದು, ಹತ್ತು ನಿಮಿಷದಲ್ಲಿ ಸಾಯಬಹುದು. ಸಿನಿಮಾದಲ್ಲಿ ದಾರಿ ಒಂದೇ, ಅದನ್ನು ಆರಿಸುವವರು ಬೇರೆ ಯಾರೋ. ಲಿಂಕ್ ಬಾಯಿ ತೆರೆಯುತ್ತಾನಾ, ತೆರೆದರೆ ಮೊದಲು ಏನು ಹೇಳುತ್ತಾನೆ ಎಂದು ಫ್ಯಾನ್‌ಗಳು ಕಾಯುತ್ತಿದ್ದಾರೆ. ನಾನು ನೋಡಬೇಕೆಂದಿರುವುದು, ಆ ಬಂಡೆಯಂಥ ಒಂದು ಜಾಗಕ್ಕೆ ಬಂದಾಗ ನಿರ್ದೇಶಕರು ಅವನನ್ನು ಎಷ್ಟು ಹೊತ್ತು ಸುಮ್ಮನೆ ನಿಲ್ಲಿಸುತ್ತಾರೆ, ಎಷ್ಟು ಬೇಗ ಯಾರಾದರೊಬ್ಬರು ಬಂದು "ಈ ಕಡೆ ನಡಿ" ಅನ್ನುತ್ತಾರೆ ಎನ್ನುವುದನ್ನು.